ಗೋಡೆಯ ಫ್ರೇಮ್ ನೋಡಿ ದುಡ್ಡು ಕಟ್ಟಬೇಡಿ

ಮಕ್ಕಳಿಗೆ ‘ಬಿಹೇವಿಯರ್ ಥೆರಪಿ’ ಮಾಡಿಸಲಿಕ್ಕೆ ಮಂಗಳೂರಿನಲ್ಲಿ ಸೆಂಟರ್ ಹುಡುಕುತ್ತಿರುವವರು ಇದನ್ನು ಪೂರ್ತಿ ಓದಿ, ಆಮೇಲೆ ಬೇಕಾದರೆ ಅಡ್ವಾನ್ಸ್ ಕೊಡಿ. ಸೆಂಟರಿನ ಹೆಸರು ಹಾಕುವುದಿಲ್ಲ, ದೂರು ಕೊಡುವ ತಯಾರಿಯಲ್ಲಿದ್ದೇವೆ. ಹೆಸರು ಕೇಳಿ ಮೆಸೇಜ್ ಮಾಡಬೇಡಿ.

ನಾಚಿಕೆಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ನಾನು ವಿಶೇಷ ಶಿಕ್ಷಕಿ. ಬಂದ ತಂದೆ-ತಾಯಿಗೆಲ್ಲ ‘ಆರ್‌ಸಿಐ ನಂಬರ್ ಕೇಳಿ, ನಂಬರ್ ಕೇಳಿ’ ಎಂದು ಹೇಳುವವಳು. ಆರ್‌ಸಿಐ ಅಂದರೆ ಭಾರತೀಯ ಪುನರ್ವಸತಿ ಮಂಡಳಿ, ನಮ್ಮಂಥವರ ನೋಂದಣಿ ಇರುವುದು ಅಲ್ಲಿ. ತಂಗಿಯ ಮಗನನ್ನು ಕರೆದುಕೊಂಡು ಹೋದಾಗ ನಾನೇ ಕೇಳಲಿಲ್ಲ. ಗೋಡೆಯಲ್ಲಿ ಚಂದದ ಫ್ರೇಮಿನಲ್ಲಿ ಸರ್ಟಿಫಿಕೇಟ್ ಇತ್ತು, ನಂಬರೂ ಇತ್ತು. ಹತ್ತಿರ ಹೋಗಿ ಓದಲಿಲ್ಲ.

ಹುಡುಗನಿಗೆ ಐದೂವರೆ, ಯುಕೆಜಿ. ಕೂತಲ್ಲಿ ಕೂರುವುದಿಲ್ಲ, ಕರೆದರೆ ತಿರುಗುವುದಿಲ್ಲ, ಪಕ್ಕದ ಮಕ್ಕಳನ್ನು ದೂಡುತ್ತಾನೆ ಅಂತ ಶಾಲೆಯ ಡೈರಿಯಲ್ಲಿ ಎರಡು ಸಲ ಬರೆದು ಕಳಿಸಿದ್ದರು.

ಮೊದಲ ದಿನವೇ ಅಸೆಸ್‌ಮೆಂಟಿಗೆ 3,000, ‘ಬ್ರೈನ್ ಮ್ಯಾಪಿಂಗ್’ ಅಂತ 6,500. ತಲೆಗೆ ವಯರಿನ ಟೊಪ್ಪಿ ಹಾಕಿ ಬಣ್ಣಬಣ್ಣದ ಚಿತ್ರ ತೆಗೆದುಕೊಟ್ಟರು. ಕೆಂಪು ಇದ್ದಲ್ಲಿ ಮೆದುಳು ‘ಓವರ್ ಆ್ಯಕ್ಟಿವ್’ ಅಂತೆ. ಎಂತ ಹೇಳುವುದು ಮಾರಾಯ್ರೆ, ಅದು ಹಾಗಲ್ಲ ಎಂದು ಗೊತ್ತಿದ್ದೂ ನಾನು ತಲೆ ಅಲ್ಲಾಡಿಸಿದೆ. ಎಡಿಎಚ್‌ಡಿಯನ್ನು (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಇಇಜಿಯಲ್ಲಾಗಲಿ (ಆ ಟೊಪ್ಪಿ ಹಾಕಿ ಮಾಡುವ ಮೆದುಳಿನ ಅಲೆಗಳ ಪರೀಕ್ಷೆ), ರಕ್ತದಲ್ಲಾಗಲಿ, ಸ್ಕ್ಯಾನಿನಲ್ಲಾಗಲಿ ಕಂಡುಹಿಡಿಯುವ ಕ್ರಮವೇ ಇಲ್ಲ. ಇಇಜಿ ಬೇಕಾಗುವುದು ಫಿಟ್ಸಿನ ಸಂಶಯ ಇದ್ದರೆ. ಎಡಿಎಚ್‌ಡಿ ಎನ್ನಬೇಕಾದರೆ ಗಮನ ನಿಲ್ಲದಿರುವುದರ 9 ಲಕ್ಷಣಗಳಲ್ಲಿ ಕನಿಷ್ಠ 6, ಇಲ್ಲವೇ ಅತಿ ಚಟುವಟಿಕೆ-ದುಡುಕಿನ 9ರಲ್ಲಿ 6 ಇರಬೇಕು. ಅದೂ ಕನಿಷ್ಠ 6 ತಿಂಗಳಿಂದ. 12 ವರ್ಷದ ಒಳಗೇ ಶುರುವಾಗಿರಬೇಕು. ಮನೆಯಲ್ಲೂ ಶಾಲೆಯಲ್ಲೂ, ಎರಡೂ ಕಡೆ ಕಾಣಬೇಕು. ಅದಕ್ಕೇ ಟೀಚರ್ ತುಂಬುವ ಫಾರ್ಮ್ ಅಂತ ಒಂದು ಇರುವುದು. ಇಲ್ಲಿ ಟೀಚರಿಗೆ ಒಂದು ಫೋನೂ ಹೋಗಲಿಲ್ಲ. 45 ನಿಮಿಷದಲ್ಲಿ ‘ಎಡಿಎಚ್‌ಡಿ ವಿತ್ ಮೈಲ್ಡ್ ಆಟಿಸಂ’ ಅಂದುಬಿಟ್ಟರು. ತಂಗಿ ಅಳುತ್ತಿದ್ದಳು. ಆ ಹೊತ್ತಿಗೇ ಪ್ಯಾಕೇಜಿನ ಕಾಗದ ಮೇಜಿಗೆ ಬಂತು.

60 ಸೆಶನ್, ಒಂದಕ್ಕೆ 700ರಂತೆ 42,000. ಇವತ್ತೇ ಪೂರ್ತಿ ಕಟ್ಟಿದರೆ 36,000. ‘ಲೇಟ್ ಮಾಡಿದರೆ ವಿಂಡೋ ಕ್ಲೋಸ್ ಆಗ್ತದೆ ಮೇಡಂ.’ ಮಗು ಕಲಿಯುವ ಪ್ರಾಯ ದಾಟಿಹೋಗುತ್ತದೆ ಅಂತ ಹೆದರಿಸುವುದು. ಗೂಗಲ್ ಪೇ ಮಾಡಿದ್ದು ನಾನು. ಹೌದು, ನಾನೇ.

ತಂಗಿ ವಾರಕ್ಕೆ ಮೂರು ದಿನ ಪಡುಬಿದ್ರಿಯಿಂದ ಮಗನನ್ನು ಕರೆದುಕೊಂಡು ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿಗೆ ಬಂದು, ಅಲ್ಲಿಂದ ಸಿಟಿ ಬಸ್ಸು ಹತ್ತುತ್ತಿದ್ದಳು. ಹೇಳಿದ್ದು 45 ನಿಮಿಷ, ಕೊಟ್ಟದ್ದು 25. ಬಾಗಿಲು ಹಾಕಿಯೇ ಇರಬೇಕು, ಅಮ್ಮನಿಗೆ ಒಳಗೆ ಪ್ರವೇಶ ಇಲ್ಲ. ಒಮ್ಮೆ ಬಾಗಿಲ ಸಂದಿಯಲ್ಲಿ ನೋಡಿದರೆ ಹುಡುಗ ಟ್ಯಾಬಿನಲ್ಲಿ ಕಾರ್ಟೂನ್ ನೋಡುತ್ತಾ ಇದ್ದಾನೆ, ಥೆರಪಿಸ್ಟ್ ಅವರ ಮೊಬೈಲಿನಲ್ಲಿ. ಆರು ವರ್ಷದ ಒಳಗಿನ ಮಗುವಿಗೆ ಎಡಿಎಚ್‌ಡಿ ಸಂಶಯ ಇದ್ದರೆ ಮೊದಲ ಚಿಕಿತ್ಸೆಯೇ ತಂದೆ-ತಾಯಿಗೆ ಕೊಡುವ ತರಬೇತಿ. ಒಂದು ಸಲಕ್ಕೆ ಒಂದೇ ಸೂಚನೆ, ಅದೂ ಹತ್ತಿರ ಹೋಗಿ, ಕಣ್ಣು ನೋಡಿ. ಮಾಡಿದ ಕೂಡಲೇ ಹೊಗಳಿಕೆ, ಸಂಜೆಯವರೆಗೆ ಕಾಯುವುದಲ್ಲ. ದಿನದ ಕೆಲಸಗಳನ್ನು ಚಿತ್ರ ಮಾಡಿ ಗೋಡೆಗೆ ಅಂಟಿಸುವುದು. ಇದನ್ನು ಕಲಿಸಬೇಕಾದದ್ದು ಅಮ್ಮನಿಗೆ. ಅಮ್ಮನನ್ನೇ ಹೊರಗೆ ಕೂರಿಸಿದರೆ ಅದೆಂತ ಥೆರಪಿ?

14 ಸೆಶನ್ ಆದ ಮೇಲೆ ಶಾಲೆಯವರು ರಿಪೋರ್ಟ್ ಕೇಳಿದರು. ಮೂರು ಸಲ ಕೇಳಿದ ಮೇಲೆ ಪಿಡಿಎಫ್ ಬಂತು. ಆವತ್ತು ರಾತ್ರಿ ಕೂತು ಓದಿದೆ. ಬುದ್ಧಿಸೂಚ್ಯಂಕ (ಐಕ್ಯೂ) 78 ಅಂತ ಉಂಟು, ಯಾವ ಪರೀಕ್ಷೆ ಮಾಡಿದ್ದು ಅಂತ ಇಲ್ಲ. ಬಿನೆಟ್-ಕಾಮತೋ ಮತ್ತೊಂದೋ, ಐಕ್ಯೂ ಪರೀಕ್ಷೆಯ ಹೆಸರು ಎಂತದೂ ಇಲ್ಲ. ಆಟಿಸಂ ಎಷ್ಟು ಉಂಟೆಂದು ಅಳೆಯುವ ಐಎಸ್‌ಎಎ ಎಂಬ ಪ್ರಶ್ನಾವಳಿಯ ಅಂಕ 112, ಪಕ್ಕದಲ್ಲಿ ‘ಮೈಲ್ಡ್’. ಐಎಸ್‌ಎಎಯಲ್ಲಿ 40 ಪ್ರಶ್ನೆ, ಒಂದೊಂದಕ್ಕೆ 1ರಿಂದ 5 ಅಂಕ. 70ರ ಕೆಳಗಾದರೆ ಆಟಿಸಂ ಇಲ್ಲ, 70ರಿಂದ 106 ಮೈಲ್ಡ್, 107ರಿಂದ 153 ಮಾಡರೇಟ್. 112 ಮೈಲ್ಡ್ ಆಗುವುದು ಯಾವ ಲೆಕ್ಕದಲ್ಲಿ? ನಾಲ್ಕನೇ ಪ್ಯಾರಾಕ್ಕೆ ಬರುವಾಗ ಹುಡುಗ ಹುಡುಗಿಯಾಗಿದ್ದಾನೆ. ಯಾವುದೋ ಮಗುವಿನ ರಿಪೋರ್ಟಿಗೆ ನಮ್ಮ ಹುಡುಗನ ಹೆಸರು ಹಾಕಿ ಕೊಟ್ಟದ್ದು. ಕೊನೆಗೆ ‘ಸೈಕಾಲಜಿಸ್ಟ್’ ಎಂದು ಸಹಿ, ಜೊತೆಗೆ ನಂಬರ್. ಆ ನಂಬರನ್ನು ಆರ್‌ಸಿಐ ವೆಬ್‌ಸೈಟಿನಲ್ಲಿ ಹಾಕಿ ನೋಡಿದೆ. ನಂಬರ್ ಸುಳ್ಳಲ್ಲ, ಸರಿಯೇ ಉಂಟು. ಆದರೆ ವರ್ಗ ವಿಶೇಷ ಶಿಕ್ಷಣ, ಡಿಪ್ಲೊಮಾ. ನನ್ನದೇ ವರ್ಗ! ಐಕ್ಯೂ ರಿಪೋರ್ಟಿಗೆ ನಾನು ಸಹಿ ಹಾಕುವಂತಿಲ್ಲ, ಅವರೂ ಹಾಕುವಂತಿಲ್ಲ. ಆ ರಾತ್ರಿ ತಂಗಿಗೆ ಫೋನ್ ಮಾಡಲಿಕ್ಕೆ ಧೈರ್ಯ ಬರಲಿಲ್ಲ.

ಇನ್ನು ಅವರ ಉತ್ತರಗಳು.

ಹುಡುಗಿ ಅಂತ ಬರೆದದ್ದು? ‘ಟೈಪಿಂಗ್ ಮಿಸ್ಟೇಕ್ ಮೇಡಂ.’ 112? ‘ನೀವು ಫೀಲ್ಡಲ್ಲಿ ಇರುವವರು, ನಿಮಗೆ ನಾವು ಹೇಳಿಕೊಡಬೇಕಾ?’ ಸಹಿ ಹಾಕಿದವರ ಅರ್ಹತೆ? ‘ನಮ್ಮ ಮೇನ್ ಡಾಕ್ಟರ್ ಆನ್‌ಲೈನ್ ಸೂಪರ್ವೈಸ್ ಮಾಡ್ತಾರೆ.’ ಆ ಡಾಕ್ಟರ ಹೆಸರು? ಅದಕ್ಕೆ ಉತ್ತರ ಇಲ್ಲ. ಉಳಿದ 46 ಸೆಶನಿನ ದುಡ್ಡು ಕೊಡಿ ಎಂದದ್ದಕ್ಕೆ, ಬಿಟ್ಟು ಹೋಗುವವರಿಗೆ ರಿಯಾಯಿತಿ ಇಲ್ಲ, ಆದ 14ಕ್ಕೆ ಒಂದರ 1,200ರಂತೆ 16,800 ಹಿಡಿಯುತ್ತೇವೆ ಎಂದರು. 600ರ ಲೆಕ್ಕದಲ್ಲಿ ನಮಗೆ ಬರಬೇಕಾದದ್ದು 27,600. ಅವರ ಲೆಕ್ಕದಲ್ಲಿ 19,200. ಅದನ್ನಾದರೂ ಕೊಟ್ಟರಾ? ಇಲ್ಲ. ‘ಕ್ಯಾಶ್ ಆಗಿ ಕೊಡುವ ಪಾಲಿಸಿ ಇಲ್ಲ. ನಿಮ್ಮ ತಂಗಿಗೆ ಚಿಕ್ಕವಳೊಬ್ಬಳು ಇದ್ದಾಳಲ್ಲ, ಅವಳಿಗೂ ಒಮ್ಮೆ ಸ್ಕ್ರೀನಿಂಗ್ ಮಾಡಿಸಿ, ಅದರಲ್ಲಿ ಅಡ್ಜಸ್ಟ್ ಮಾಡುವ.’ ಆ ಮಗುವಿಗೆ ಎರಡು ವರ್ಷ. ಏನೂ ತೊಂದರೆ ಇಲ್ಲ. ಅಡ್ಜಸ್ಟ್ ಮಾಡುವ ಅಂತೆ!

ಆಮೇಲೆ ಹೋದದ್ದು ಮೆಡಿಕಲ್ ಕಾಲೇಜು ಆಸ್ಪತ್ರೆಗೆ. ಮಕ್ಕಳ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ: ‘ರಾತ್ರಿ ಬಾಯಿ ತೆರೆದು ಮಲಗುತ್ತಾನಾ? ಗೊರಕೆ ಉಂಟಾ?’ ಎರಡೂ ಉಂಟು. ಮೂಗಿನ ಹಿಂದಿನ ಅಡಿನಾಯ್ಡ್ ಎಂಬ ಗಂಟು ದೊಡ್ಡದಾಗಿ, ಕಿವಿಯ ಪರದೆಯ ಹಿಂದೆ ನೀರು ನಿಂತಿತ್ತು. ಟಿಂಪನೊಮೆಟ್ರಿ ಎಂಬ ಕೆಲವೇ ನಿಮಿಷದ ಪರೀಕ್ಷೆಯಲ್ಲಿ ಗೊತ್ತಾಯಿತು. ಅರ್ಧಂಬರ್ಧ ಕೇಳುವ ಮಗು ಕರೆದಾಗ ಹೇಗೆ ತಿರುಗುತ್ತದೆ? ಸರಿ ನಿದ್ದೆ ಆಗದ ಮಗು ದೊಡ್ಡವರ ಹಾಗೆ ತೂಕಡಿಸುವುದಿಲ್ಲ, ಇನ್ನಷ್ಟು ಹಾರಾಡುತ್ತದೆ. ಎಡಿಎಚ್‌ಡಿ ಹೌದೋ ಅಲ್ಲವೋ ಎಂದು ಅವರು ಈಗಲೇ ಹೇಳಲಿಲ್ಲ. ಮೊದಲು ಕಿವಿ, ನಿದ್ದೆ ಸರಿಯಾಗಲಿ, ಟೀಚರ್ ಫಾರ್ಮ್ ತುಂಬಿಸಿ ತನ್ನಿ, ಆಮೇಲೆ ನೋಡುವ ಎಂದರು.

ಆದ ಕಾರಣ ಮಾತು ತಡ, ಕರೆದರೆ ಓಗೊಡುವುದಿಲ್ಲ ಎಂದಾದರೆ ಮೊದಲು ಕಿವಿ ಪರೀಕ್ಷೆ. ರಿಪೋರ್ಟಿಗೆ ಸಹಿ ಹಾಕುವವರ ನಂಬರ್ ಕೇಳಿ, ಅಲ್ಲೇ ಕೂತು ಆರ್‌ಸಿಐ ಸೈಟಿನಲ್ಲಿ ಹಾಕಿ ನೋಡಿ. ನಂಬರ್ ಮಾತ್ರ ಅಲ್ಲ, ವರ್ಗ ನೋಡಿ, ಅವಧಿ ನೋಡಿ. ಐಕ್ಯೂ ಪರೀಕ್ಷೆಗೆ ಕ್ಲಿನಿಕಲ್ ಅಥವಾ ರಿಹ್ಯಾಬಿಲಿಟೇಶನ್ ಸೈಕಾಲಜಿಸ್ಟ್ ಎಂದೇ ಇರಬೇಕು. ಬಾಗಿಲು ಹಾಕುವ ಸೆಂಟರಿಗೆ ಹೋಗಬೇಡಿ. ತಿಂಗಳಿಗಿಂತ ಹೆಚ್ಚಿನದ್ದು ಮುಂಗಡ ಕಟ್ಟಲೇಬೇಡಿ, ಇವತ್ತೇ ಕಟ್ಟದಿದ್ದರೆ ಯಾವ ವಿಂಡೋವೂ ಕ್ಲೋಸ್ ಆಗುವುದಿಲ್ಲ. ಎಲ್ಲಿಗೆ ಹೋಗುವುದೆಂದು ಗೊತ್ತಾಗದಿದ್ದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಸರಕಾರಿ ಜಿಲ್ಲಾಸ್ಪತ್ರೆ ಮಂಗಳೂರಿನಲ್ಲಿ ವೆನ್ಲಾಕ್, ಉಡುಪಿಯಲ್ಲಿ ಅಜ್ಜರಕಾಡಿನದ್ದು. ಸ್ಟೇಟ್‌ಬ್ಯಾಂಕಿನಲ್ಲಿ ಇಳಿದರೆ ವೆನ್ಲಾಕಿಗೆ ನಡೆದೇ ಹೋಗಬಹುದು, ತಂಗಿ ಐದು ವಾರ ಅಲ್ಲಿಂದಲೇ ಇನ್ನೊಂದು ಬಸ್ಸು ಹತ್ತಿದ್ದಾಳೆ. ಮಗುವಿಗೆ ನೂಲು ಕಟ್ಟಿಸಿ, ಜೋಯಿಸರಲ್ಲಿ ಪ್ರಶ್ನೆ ಇಡಿಸಿ ಎಂದು ಹೇಳುವವರನ್ನು ನೋಡಿ ನಾವು ನಗುತ್ತೇವೆ. ನಾನು ಕಟ್ಟಿಸಿದ್ದು ವಯರಿನ ಟೊಪ್ಪಿ.

ದುಡ್ಡು ಹೋದವರು ರಶೀದಿ, ಗೂಗಲ್ ಪೇ ಸ್ಕ್ರೀನ್‌ಶಾಟ್, ವಾಟ್ಸ್ಆ್ಯಪ್ ಮಾತುಕತೆ ಎಲ್ಲ ತೆಗೆದಿಡಿ. ಗ್ರಾಹಕ ಸಹಾಯವಾಣಿ 1915. ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಕೊಟ್ಟ ದುಡ್ಡು 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ, ವಕೀಲರು ಇರಲೇಬೇಕು ಅಂತಲೂ ಇಲ್ಲ. ಪರೀಕ್ಷೆ ಮಾಡುವಾಗ ಅಂಕ ಬರೆದ ಮೂಲ ಹಾಳೆಗಳನ್ನು ಕೇಳಿ, ಅದು ಇಲ್ಲದೆ ರಿಪೋರ್ಟಿಗೆ ಬೆಲೆ ಇಲ್ಲ. ನಾವೂ ಕೇಳಿದ್ದೇವೆ. ಮೆಸೇಜಿಗೆ ನೀಲಿ ಟಿಕ್ ಬಿದ್ದು ಇವತ್ತಿಗೆ 19 ದಿನ.