ಮುಸುಕಿನ ಜೋಳ: ಬೆಳೆ ವಿಮೆಯೋ, ಬೆಂಬಲ ಬೆಲೆಯೋ?

ಹಾಸನ ಜಿಲ್ಲೆಯ ಅರಸೀಕೆರೆ, ಬೇಲೂರು ಕಡೆಯ ಮಳೆಯಾಶ್ರಿತ ಹೊಲಗಳಲ್ಲಿ ಮುಸುಕಿನ ಜೋಳ ಬಿತ್ತುವವರು ಈ ಎರಡರಲ್ಲಿ ಯಾವುದನ್ನು ನೆಚ್ಚಬೇಕೆಂದು ಯೋಚಿಸುವುದು ಸಹಜ.

ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಆಹಾರ ಬೆಳೆಗೆ ರೈತರು ಕಟ್ಟಬೇಕಾದದ್ದು ವಿಮಾ ಮೊತ್ತದ ಗರಿಷ್ಠ ಶೇ. 2 ಮಾತ್ರ, ಉಳಿದ ಪ್ರೀಮಿಯಂ ಸರ್ಕಾರಗಳದ್ದು. ಆದರೆ ಮಳೆ ಕೈಕೊಟ್ಟಾಗ ಪರಿಹಾರವನ್ನು ನಿಮ್ಮೊಬ್ಬರ ಹೊಲ ನೋಡಿ ಕೊಡುವುದಿಲ್ಲ, ಬೆಳೆ ಕಟಾವು ಪ್ರಯೋಗಗಳಲ್ಲಿ (ಆಯ್ದ ಹೊಲಗಳ ಫಸಲನ್ನು ಕೊಯ್ದು ತೂಗುವ ಪರೀಕ್ಷೆ) ಕಂಡ ಇಡೀ ವಿಮಾ ಘಟಕದ, ಅಂದರೆ ಗ್ರಾಮ ಪಂಚಾಯಿತಿ ಅಥವಾ ಹೋಬಳಿಯ, ಸರಾಸರಿ ಇಳುವರಿಯನ್ನು ನೋಡಿ ಕೊಡುತ್ತಾರೆ. ಆದ್ದರಿಂದ ನೆರೆಹೊರೆಯವರ ಬೆಳೆ ಚೆನ್ನಾಗಿದ್ದರೆ ನಿಮ್ಮ ನಷ್ಟ ಲೆಕ್ಕಕ್ಕೇ ಬಾರದಿರಬಹುದು. ಆಲಿಕಲ್ಲು ಮಳೆಯಂಥ ಸ್ಥಳೀಯ ವಿಕೋಪಕ್ಕೆ ಹೊಲವಾರು ಪರಿಹಾರವುಂಟು, ಅದಕ್ಕೂ 72 ಗಂಟೆಯೊಳಗೆ ದೂರು ದಾಖಲಾಗಬೇಕು.

ಬೆಂಬಲ ಬೆಲೆಗೆ ಪ್ರೀಮಿಯಂ ಇಲ್ಲ. 2025-26ಕ್ಕೆ ಕ್ವಿಂಟಾಲಿಗೆ 2,400 ರೂಪಾಯಿ ಘೋಷಣೆಯಾಯಿತು; ಆದರೆ ಖರೀದಿ ಕೇಂದ್ರ ತೆರೆಯದಿದ್ದರೆ ಆ ಅಂಕಿ ಕಾಗದದಲ್ಲೇ ಉಳಿಯುತ್ತದೆ, ತೆರೆದರೂ ಕಾಳಿನ ತೇವಾಂಶ ಶೇ. 14 ಮೀರುವಂತಿಲ್ಲ. ಮೋಡ ಕವಿದ ವಾರದಲ್ಲಿ ಕಣದ ತುಂಬ ಜೋಳ ಹರಡಿ ಕುಳಿತವರಿಗೆ ಈ ಷರತ್ತಿನ ಬಿಸಿ ಗೊತ್ತು.

ನೀರಾವರಿ ಇಲ್ಲದವರು ವಿಮೆಯನ್ನು ಬಿಡಬಾರದು. ಕೊಳವೆಬಾವಿಯೂ ಒಣಗಿಸುವ ಜಾಗವೂ ಇರುವವರಿಗೆ ಬೆಲೆಯೇ ದೊಡ್ಡ ಚಿಂತೆ. ಎರಡಕ್ಕೂ ಫ್ರೂಟ್ಸ್ (ರಾಜ್ಯ ಸರ್ಕಾರದ ರೈತರ ನೋಂದಣಿ ತಂತ್ರಾಂಶ) ನೋಂದಣಿಯನ್ನು ಬಿತ್ತನೆಗೆ ಮೊದಲೇ ಸರಿಪಡಿಸಿಕೊಳ್ಳಿ.