ಮನೆಯಲ್ಲಿ ಪೌಡರ್ ಕೋಟಿಂಗ್ ಮಾಡುವ ಮೊದಲು ಪೈಪಿನ ಒಳಗೆ ಏನುಂಟು ನೋಡಿ

ಅಡಿಕೆಗೆ ಮದ್ದು ಬಿಡುವ ಪಂಪಿನ ಸ್ಟ್ಯಾಂಡಿಗೆ ಮನೆಯಲ್ಲೇ ಪೌಡರ್ ಕೋಟಿಂಗ್ ಮಾಡಲು ಹೋಗಿ ಬಲಗೈ ಸುಟ್ಟುಕೊಂಡಿದ್ದೇನೆ. ಹಿಂದೆ ಅಕ್ಕನ ಮಗ ನಿಂತಿದ್ದ, ಹದಿನಾಲ್ಕು ವರ್ಷದ ಹುಡುಗ. ಅವನು ಎರಡು ಹೆಜ್ಜೆ ಮುಂದೆ ಇದ್ದಿದ್ದರೆ ಎಂದು ನೆನೆದರೆ ಈಗಲೂ ರಾತ್ರಿ ಎಚ್ಚರವಾಗುತ್ತದೆ. ಬದಿಯಡ್ಕ, ಪೆರ್ಲ ಕಡೆ ಇನ್ನೂ ಕೆಲವರು ಈ ಕೋಟಿಂಗಿನ ಹುಡಿ ಹೊಡೆಯುವ ಗನ್ ತರಿಸಿದ್ದಾರೆ ಎಂದು ಗೊತ್ತಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಕಡೆ ಕಬ್ಬಿಣ ಉಳಿಯುವುದೇ ಕಷ್ಟ. ಮಳೆಗಾಲವಿಡೀ ಒದ್ದೆ, ಅದರ ಮೇಲೆ ಬೋರ್ಡೋ ದ್ರಾವಣದ ಮೈಲುತುತ್ತು. ಬ್ರಶ್ಶಿನಲ್ಲಿ ಕೊಟ್ಟ ಪೈಂಟ್ ಒಂದೇ ಮಳೆಗೆ ಎದ್ದು ಬರುತ್ತದೆ. ಪೌಡರ್ ಕೋಟಿಂಗ್ ಗಟ್ಟಿ ಹೌದು, ಅದರಲ್ಲಿ ಸಂಶಯವಿಲ್ಲ. ಗನ್ನು ಹುಡಿಗೆ ಚಾರ್ಜ್ ಕೊಡುತ್ತದೆ, ಅರ್ತ್ ಕೊಟ್ಟ ಕಬ್ಬಿಣಕ್ಕೆ ಹುಡಿ ತಾನೇ ಹೋಗಿ ಹಿಡಿದುಕೊಳ್ಳುತ್ತದೆ, 180ರಿಂದ 200 ಡಿಗ್ರಿ ಬಿಸಿಯಲ್ಲಿ ಕರಗಿ ಪದರವಾಗುತ್ತದೆ. ವಿಡಿಯೋದಲ್ಲಿ ನೋಡುವಾಗ ಹಪ್ಪಳ ಸುಟ್ಟಷ್ಟು ಸುಲಭ. ಗನ್ ಮಾರಿದವರು ಕೂಡ ಫೋನಿನಲ್ಲಿ ಅದನ್ನೇ ಹೇಳಿದರು. ತೊಳೆಯಿರಿ, ಹುಡಿ ಹೊಡೆಯಿರಿ, ಓವನ್ನಿಗೆ ಇಡಿ. ಯಾವ ವಸ್ತುವನ್ನು ಓವನ್ನಿಗೆ ಇಡಬಾರದು ಎಂದು ಒಂದು ಮಾತೂ ಇಲ್ಲ.

ಸ್ಟ್ಯಾಂಡಿನ ನಾಲ್ಕು ಕಾಲುಗಳನ್ನು ಬಿಚ್ಚಿದೆ. ಗೇಣುದ್ದದ ಪೈಪುಗಳು, ಎರಡೂ ತುದಿ ವೆಲ್ಡ್ ಮಾಡಿ ಮುಚ್ಚಿದ್ದು. ಹಳೆ ಪೈಂಟ್ ಬಿಡಲೆಂದು ರಾತ್ರಿಯಿಡೀ ಥಿನ್ನರಿನಲ್ಲಿ ಮುಳುಗಿಸಿಟ್ಟೆ. ಬೆಳಿಗ್ಗೆ ಉಜ್ಜಿ, ಒರೆಸಿ, ಬಿಸಿಲಿಗೆ ಇಟ್ಟೆ. ಕೈಗೆ ಒಣಗಿದ ಹಾಗೆಯೇ ಇತ್ತು. ವೆಲ್ಡಿನ ಅಂಚಿನಲ್ಲಿ ತುಕ್ಕು ತಿಂದು ಸೂಜಿಮೊನೆಯಷ್ಟು ತೂತು ಆಗಿತ್ತು. ಅದು ಮೊದಲೇ ನನ್ನ ಕಣ್ಣಿಗೆ ಬಿದ್ದಿತ್ತು. ಹುಡಿ ಕರಗಿದರೆ ಮುಚ್ಚಿಹೋಗುತ್ತದೆ ಎಂದು ಬಿಟ್ಟೆ. ಥಿನ್ನರ್ ಆ ತೂತಿನಿಂದಲೇ ಒಳಗೆ ಸೇರಿತ್ತು.

ಹಳೆಯ ಕರೆಂಟ್ ಓವನ್, ಹಿಂಬದಿಯ ಕೊಟ್ಟಿಗೆಯಲ್ಲಿ. ಮೊದಲಿಗೆ ಎರಡು ಕಾಲು ಇಟ್ಟು 200ಕ್ಕೆ ತಿರುಗಿಸಿದೆ. ಏಳೆಂಟು ನಿಮಿಷ ಆಗಿರಬಹುದು.

"ಮಾವ, ಥಿನ್ನರ್ ವಾಸನೆ ಬರ್ತಾ ಉಂಟು" ಎಂದ ಹುಡುಗ.

ಆಗ ಪ್ಲಗ್ ಕಿತ್ತು ಇಬ್ಬರೂ ಹೊರಗೆ ಹೋಗಬೇಕಿತ್ತು. ನಾನು ಬಾಗಿಲು ತೆರೆದೆ. ಒಳಗೆ ಥಿನ್ನರಿನ ಆವಿ ತುಂಬಿತ್ತು, ಕಾಯಿಲ್ ಕೆಂಪಗೆ ಉರಿಯುತ್ತಿತ್ತು, ಗಾಳಿ ಒಂದು ಕಡಿಮೆ ಇತ್ತು. ಅದನ್ನು ನಾನೇ ಒದಗಿಸಿದೆ. ಭುಸ್ ಎಂದು ಬೆಂಕಿ ಮುಖದವರೆಗೆ ಬಂತು. ಹುಬ್ಬು ಹೋಯಿತು, ಮಣಿಕಟ್ಟಿನಿಂದ ಮೊಣಕೈಯವರೆಗೆ ಚರ್ಮ ಎದ್ದಿತು. ಓಡಿ ಬಂದವರೊಬ್ಬರು ಟೂತ್‌ಪೇಸ್ಟ್ ಹಚ್ಚಲು ಹೊರಟಿದ್ದರು. ಅಕ್ಕ ಬಿಡಲಿಲ್ಲ, ನಳ್ಳಿಯ ಕೆಳಗೆ ಕೈ ಹಿಡಿಸಿ ಇಪ್ಪತ್ತು ನಿಮಿಷ ತಣ್ಣೀರು ಬಿಟ್ಟಳು. ಅದೇ ಸರಿಯಾದದ್ದು ಎಂದು ಡಾಕ್ಟರರೂ ಹೇಳಿದರು.

ಕೈ ವಾಸಿಯಾದ ಮೇಲೆ ಓವನ್ನಿಗೆ ಹೋಗದೆ ಉಳಿದ ಎರಡು ಕಾಲುಗಳನ್ನು ಅಂಗಳದಲ್ಲಿಟ್ಟು ಆಕ್ಸಾ ಬ್ಲೇಡಿನಲ್ಲಿ ನಿಧಾನವಾಗಿ ಕೊಯ್ದೆ. ಗ್ರೈಂಡರ್ ಮುಟ್ಟಲಿಲ್ಲ, ಕಿಡಿ ಹಾರುತ್ತದೆ. ಒಂದರಿಂದ ತುಕ್ಕಿನ ಬಣ್ಣದ ಥಿನ್ನರ್ ಸುರಿಯಿತು. ಇನ್ನೊಂದರಲ್ಲಿ ನೀರು, ಎಷ್ಟು ಮಳೆಗಾಲದ್ದೋ. ತೂತು ಕಟ್ಟಿಹೋದ ಪೈಪಿನಲ್ಲಿ ನೀರಿದ್ದು 200 ಡಿಗ್ರಿಗೆ ಕಾದರೆ ಒಳಗಿನ ಒತ್ತಡ ವಾತಾವರಣದ ಹದಿನೈದು ಪಟ್ಟಿಗೂ ಹೆಚ್ಚು. ಅದು ಬೆಂಕಿಯಲ್ಲ, ಸಿಡಿತ. ನನಗೆ ಥಿನ್ನರಿನ ಪೈಪು ಮೊದಲು ಸಿಕ್ಕಿತು, ಅಷ್ಟೇ ವ್ಯತ್ಯಾಸ.

ಆದ್ದರಿಂದ ಎರಡೂ ಕಡೆ ಮುಚ್ಚಿದ ಪೈಪು, ಬೈಕಿನ ಶಾಕ್ ಅಬ್ಸಾರ್ಬರ್, ಗ್ರೀಸ್ ಇರುವ ಬೇರಿಂಗ್ ಯಾವುದನ್ನೂ ಓವನ್ನಿಗೆ ಇಡಬೇಡಿ. ಪೈಪಾದರೆ ಮೊದಲು ತೂತು ಕೊರೆದು ಬಗ್ಗಿಸಿ ಖಾಲಿ ಮಾಡಿ, ಪೂರ್ತಿ ಒಣಗಿಸಿ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರಿನಲ್ಲಿ ತೊಳೆದದ್ದನ್ನು ಕಾಯಿಸಿದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟಬಹುದು. ಗ್ಯಾಸ್ ಓವನ್ ಬೇಡವೇ ಬೇಡ. ಗಾಳಿಯಲ್ಲಿ ತೇಲುವ ಹುಡಿಗೇ ಬೆಂಕಿ ಹತ್ತುತ್ತದೆ, ಹಾಗಾಗಿ ಕೆಳಗೆ ಬಿದ್ದದ್ದನ್ನು ಮನೆಯ ವ್ಯಾಕ್ಯೂಮ್ ಕ್ಲೀನರಿನಲ್ಲಿ ಎಳೆಯುವುದೂ ಅಪಾಯ. 2000 ವಾಟಿನ ಓವನ್ ಒಂಬತ್ತು ಆಂಪಿಯರಿನಷ್ಟು ಎಳೆಯುತ್ತದೆ, 6 ಆಂಪಿಯರಿನ ಸಾಕೆಟ್ ಸಾಲದು.

ಒಮ್ಮೆ ಹುಡಿ ಬೇಯಿಸಿದ ಓವನ್ ಮತ್ತೆ ಅಡುಗೆಮನೆಗೆ ಹೋಗಬಾರದು. ಕೆಲವು ಪಾಲಿಯೆಸ್ಟರ್ ಹುಡಿಗಳಲ್ಲಿ ಟಿ.ಜಿ.ಐ.ಸಿ. ಎಂಬ ರಾಸಾಯನಿಕ ಇರುತ್ತದೆ, ವಂಶವಾಹಿಗೆ ಹಾನಿ ಮಾಡಬಲ್ಲದ್ದೆಂದು ಯುರೋಪಿನಲ್ಲಿ ಅದನ್ನು ವರ್ಗೀಕರಿಸಿದ್ದಾರೆ. ಮುಖಕ್ಕೆ ಬೈರಾಸು ಸುತ್ತಿದರೆ ಸಾಲದು, ಎನ್-95 ಮಾಸ್ಕಾದರೂ ಬೇಕು. ಮಕ್ಕಳನ್ನು ಹತ್ತಿರ ನಿಲ್ಲಿಸಬೇಡಿ. ನಾನು ನಿಲ್ಲಿಸಿದ್ದೆ.

ಕೊಯ್ದ ಆ ಎರಡು ಪೈಪುಗಳು ನನ್ನ ಜಗಲಿಯಲ್ಲಿ ಇವೆ. ಗನ್ ತರಿಸಿದವರು ಯಾರಾದರೂ ಹತ್ತಿರದಲ್ಲಿದ್ದರೆ, ಸ್ವಿಚ್ ಹಾಕುವ ಮೊದಲು ಒಮ್ಮೆ ಬಂದು ನೋಡಿ ಹೋಗಿ.