ನಿಕಾನ್ 80-400 ಸೆಕೆಂಡ್ ಹ್ಯಾಂಡ್ ತಗೊಳ್ಳೋರೇ, ದುಡ್ಡು ಕಳಿಸೋ ಮೊದಲು ಓದಿ

ನಿಕಾನ್ 80-400 ಎಂಎಂ ಜೂಮ್ ಲೆನ್ಸ್ ಹುಡುಕ್ತಾ ಇದ್ದೀರಾ? ಸ್ವಲ್ಪ ತಡೆಯಿರಿ. ಈ ಹೆಸರಲ್ಲಿ ಎರಡು ಲೆನ್ಸ್ ಇವೆ. ಒಂದು 2000ದಲ್ಲಿ ಬಂದ ಡಿ ಮಾದರಿ. ಇನ್ನೊಂದು 2013ರ ಎಎಫ್-ಎಸ್ ಜಿ ಮಾದರಿ. ಎಎಫ್ ಅಂದರೆ ಆಟೋಫೋಕಸ್, ಎಸ್ ಅಂದರೆ ಅದರ ಮೋಟಾರು ಲೆನ್ಸಿನೊಳಗೇ ಇದೆ ಅಂತ. ಎರಡರ ಅಪರ್ಚರ್ (ಬೆಳಕು ಬರೋ ಕಿಂಡಿ) ಎಫ್ 4.5-5.6, ಎರಡರಲ್ಲೂ ಕೈನಡುಕ ತಡೆಯೋ ವಿಆರ್ ಇದೆ, ಎರಡಕ್ಕೂ 77 ಎಂಎಂ ಫಿಲ್ಟರ್. ಆದರೆ ಹಳೆಯದರೊಳಗೆ ಫೋಕಸ್ ಮೋಟಾರೇ ಇಲ್ಲ. ಕ್ಯಾಮೆರಾ ಬಾಡಿಯ ಮೋಟಾರೇ ಅದನ್ನು ತಿರುಗಿಸಬೇಕು. ನನ್ನ ಕ್ಯಾಮೆರಾ ಡಿ5600ರಲ್ಲಿ ಆ ಮೋಟಾರಿಲ್ಲ.

ಇದು ಗೊತ್ತಿದ್ದಕ್ಕೇ ಲೆನ್ಸ್ ಮಾರುತ್ತಿದ್ದ ಬೆಂಗಳೂರಿನ ಒಬ್ಬ ವ್ಯಾಪಾರಿಗೆ ಮೊದಲ ಮೆಸೇಜಲ್ಲೇ ಕೇಳಿದ್ದೆ: "ಹೊಸಾ ವರ್ಷನ್ ತಾನೇ? ಎಎಫ್-ಎಸ್?"

"ಹೌದು ಸರ್, ಹೊಸದು. ಎಎಫ್ ಪಕ್ಕಾ ಕೆಲಸ ಮಾಡುತ್ತೆ."

ನಾನಿರೋದು ಶಿವಮೊಗ್ಗ. ವಿಡಿಯೊ ಕಳಿಸಿ ಅಂದೆ. ಕಳಿಸಿದ. ಡಿ7200 ಕ್ಯಾಮೆರಾಗೆ ಹಾಕಿ ಫೋಕಸ್ ಆಗೋದನ್ನು ತೋರಿಸಿದ. ಎಡಗೈ ಲೆನ್ಸಿನ ಬುಡದ ಮೇಲೇ ಇತ್ತು, ಹಿಂದೆ ಜೋರಾಗಿ ಹಾಡು. ಆ ಕೈ ಏನು ಮುಚ್ಚಿತ್ತು, ಆ ಹಾಡು ಏನು ಮುಚ್ಚಿತ್ತು ಅಂತ ಈಗ ಅರ್ಥವಾಗುತ್ತೆ. ಡಿ7200ರಲ್ಲಿ ಮೋಟಾರಿದೆ, ಹಳೆಯ ಲೆನ್ಸೂ ಅದರಲ್ಲಿ ಗರ್ ಗರ್ ಅಂತ ಓಡುತ್ತೆ. ಹೊಸ ಲೆನ್ಸಿನ ರೇಟನ್ನೇ ಪೂರ್ತಿ ಕಳಿಸಿದೆ. ಪೂರ್ತಿ!

ಕೊರಿಯರ್ ಬಂತು. ಬಬಲ್ ಶೀಟ್ ಬಿಚ್ಚಿದರೆ ಲೆನ್ಸು ಕ್ಯಾಮೆರಾಗೆ ಕೂರೋ ಮೌಂಟಿನ ಪಕ್ಕದಲ್ಲೇ ಅಪರ್ಚರ್ ರಿಂಗ್, ಅದರ ಮೇಲೆ ಕಿತ್ತಳೆ ಬಣ್ಣದಲ್ಲಿ 32. ಹೊಸದಕ್ಕೆ ಆ ರಿಂಗೇ ಇರಲ್ಲ. ಹೊಟ್ಟೆಯೊಳಗೆ ಏನೋ ಕಲಸಿದ ಹಾಗಾಯಿತು. ಆದರೂ ಹಾಕಿದೆ. ರಿಂಗ್ 32ರಲ್ಲಿಲ್ಲ ಅನ್ನೋ ಎಚ್ಚರಿಕೆ, ಎಫ್ಇಇ ಅಂತ ಮಿನುಗಿತು. ರಿಂಗನ್ನು 32ಕ್ಕೆ ತಂದು ಲಾಕ್ ಮಾಡಿ ಶಟರ್ ಅರ್ಧ ಒತ್ತಿದೆ. ವಿಆರ್ ಕೆಲಸ ಮಾಡಿತು, ಚಿತ್ರ ಅಲುಗಾಡದೆ ನಿಂತಿತು. ಮಬ್ಬಾಗಿ ನಿಂತಿತು. ಫೋಕಸ್ ಕೂದಲೆಳೆಯಷ್ಟೂ ಕದಲಲಿಲ್ಲ. ಪಕ್ಕದಲ್ಲಿ ಮಗ "ಏನಾಯ್ತಪ್ಪಾ?" ಅಂತಾನೆ. ಏನು ಹೇಳಲಿ?

ಫೋನ್ ಮಾಡಿದೆ. ಅವನ ಉತ್ತರ ಕೇಳಿ.

"ಹೊಸದು ಅಂದ್ರೆ ಹೊಸದರ ಹಾಗೇ ಇದೆ ಅಲ್ವಾ ಸರ್? ಒಂದು ಗೀರಿಲ್ಲ."

ಎಎಫ್-ಎಸ್ ಅಂತ ಕೇಳಿದ್ದೆನಲ್ಲ ಅಂದರೆ, "ಎಎಫ್ ಇದೆ ಅಂದೆ. ಇದೆ. ನಿಮ್ಮ ಬಾಡಿ ಚಿಕ್ಕದು, ಅದಕ್ಕೆ ನಾನೇನು ಮಾಡ್ಲಿ?"

ದುಡ್ಡು ವಾಪಸ್ ಕೊಡಪ್ಪಾ ಅಂದೆ. "ಸೆಕೆಂಡ್ ಹ್ಯಾಂಡಿಗೆ ರಿಟರ್ನ್ ಎಲ್ಲಿ ಸರ್? ಬೇಕಾದ್ರೆ ವಿಡಿಯೊದಲ್ಲಿದ್ದ ಡಿ7200 ಕೊಡ್ತೀನಿ, ನಿಮಗೋಸ್ಕರ ಕಡಿಮೆ ಮಾಡಿ."

ನನಗೋಸ್ಕರ! ಮೈಯೆಲ್ಲ ಉರಿದುಹೋಯಿತು. ಆಮೇಲೆ ಮೆಸೇಜ್ ನೋಡ್ತಾನೆ, ಉತ್ತರವಿಲ್ಲ.

ಹಳೆಯ ಲೆನ್ಸ್ ಕೆಟ್ಟದ್ದು ಅಂತಲ್ಲ. ನಿಕಾನ್ ತನ್ನ ಬಿಡಿ ಲೆನ್ಸುಗಳಲ್ಲಿ ಮೊದಲು ವಿಆರ್ ಕೊಟ್ಟದ್ದೇ ಅದಕ್ಕೆ. ಮೋಟಾರಿರೋ ಬಾಡಿ ಇದ್ದು, ಹಳೆಯದರ ರೇಟಿಗೇ ಸಿಕ್ಕರೆ ತಗೊಳ್ಳಿ. ಹಾರೋ ಹಕ್ಕಿಗೆ ನಿಧಾನ, ಅಷ್ಟೇ. ಡಿ3000, ಡಿ5000 ಸರಣಿಯವರು ಮಾತ್ರ ಅದರ ಹತ್ತಿರವೂ ಹೋಗಬೇಡಿ. ನಿಕಾನಿನ ಹೊಸ ಝಡ್ ಕ್ಯಾಮೆರಾಗೆ ಇಂಥ ಲೆನ್ಸ್ ಜೋಡಿಸೋ ಎಫ್‌ಟಿಝಡ್ ಅಡಾಪ್ಟರ್ ಹಾಕಿದರೂ ಇದಕ್ಕೆ ಆಟೋಫೋಕಸ್ ಬರಲ್ಲ.

ಮೌಂಟಿನ ಕಡೆಯ ಫೋಟೋ ಕೇಳಿ. ಅಪರ್ಚರ್ ರಿಂಗ್ ಇದ್ದರೆ ಹಳೆಯದು, ಮಾತೇ ಬೇಡ. ಆಗಲ್ಲ, ಆಮೇಲೆ, ಅಂಗಡಿಯಲ್ಲಿಲ್ಲ ಅಂದರೆ ಅಲ್ಲಿಗೇ ಬಿಡಿ. ನಿಮ್ಮ ಕ್ಯಾಮೆರಾಗೇ ಹಾಕಿ ನೋಡದೆ ಒಂದು ರೂಪಾಯಿಯೂ ಕಳಿಸಬೇಡಿ.

ನಿನ್ನೆ ಅವನು ಇನ್ನೊಂದು 80-400 ಮಾರಾಟಕ್ಕೆ ಹಾಕಿದ್ದಾನೆ. "ನ್ಯೂ ವರ್ಷನ್" ಅಂತೆ. ನಾಲ್ಕು ಫೋಟೋ ಇವೆ, ನಾಲ್ಕೂ ಮುಂಭಾಗದ್ದೇ.